ಔಷಧ ವಿನ್ಯಾಸಕ್ಕೆ ಅಣು ಮಾಡೆಲಿಂಗ್: ಯಾವ ದಾರಿಯಿಂದ ಕಲಿಯುವುದು?

ಎಂ.ಫಾರ್ಮ್, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಓದುತ್ತಿರುವವರಿಗೆ ಪ್ರಾಜೆಕ್ಟ್ ವಿಷಯ ಗೊತ್ತುಮಾಡುವ ಹೊತ್ತಿಗೆ ಈ ಗೊಂದಲ ಶುರುವಾಗುತ್ತದೆ. ಸೀನಿಯರ್ ಒಬ್ಬರು ಆಟೋಡಾಕ್ ವೀನಾ ಎಂಬ ಉಚಿತ ಸಾಫ್ಟ್‌ವೇರ್ ಸಾಕು ಎನ್ನುತ್ತಾರೆ. ಗೈಡ್ ಹಣ ಕೊಟ್ಟು ಬಳಸುವ ಶ್ರೋಡಿಂಗರ್ ಸಾಫ್ಟ್‌ವೇರ್ ಇಲ್ಲದೆ ಪೇಪರ್ ಆಗುವುದಿಲ್ಲ ಎನ್ನುತ್ತಾರೆ. ಯೂಟ್ಯೂಬ್ ತೆರೆದರೆ ಎಲ್ಲವನ್ನೂ ಪೈಥಾನ್‌ನಲ್ಲೇ ಮಾಡಿ ಎಂಬ ಸಲಹೆ. ಮೂವರೂ ತಪ್ಪು ಹೇಳುತ್ತಿಲ್ಲ, ಆದರೆ ಮೂವರ ಮನಸ್ಸಿನಲ್ಲಿರುವ ಕೆಲಸ ಬೇರೆ ಬೇರೆ. ನಿಮ್ಮ ಕೆಲಸ ಯಾವುದು ಎಂದು ಮೊದಲು ತಿಳಿದುಕೊಂಡರೆ ಸಾಫ್ಟ್‌ವೇರ್ ಆರಿಸುವುದು ಕಷ್ಟವಲ್ಲ.

ಮೊದಲು ಅಳತೆಗೋಲು

ಯಾವ ದಾರಿಯನ್ನು ತೂಗುವಾಗಲೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕೈಯಲ್ಲಿರುವ ಲ್ಯಾಪ್‌ಟಾಪ್ ಮತ್ತು ಹಣಕ್ಕೆ ಇದು ಹೊಂದುತ್ತದೆಯೇ? ಎಷ್ಟು ಅಣುಗಳನ್ನು ಪರೀಕ್ಷಿಸಬೇಕು, ಐದೋ ಐದು ಸಾವಿರವೋ? ಬೇರೊಬ್ಬರು ನಿಮ್ಮ ವಿಧಾನ ಓದಿ ಮತ್ತೆ ಮಾಡಿದರೆ ಅದೇ ಉತ್ತರ ಬರುತ್ತದೆಯೇ? ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ತಪ್ಪಾದಾಗ ಅದು ನಿಮ್ಮ ಕಣ್ಣಿಗೆ ಬೀಳುತ್ತದೆಯೇ?

ಈ ಕೊನೆಯ ಪ್ರಶ್ನೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಡಾಕಿಂಗ್ ಎಂದರೆ ಒಂದು ಅಣು ಪ್ರೋಟೀನಿನಲ್ಲಿ ಎಲ್ಲಿ, ಯಾವ ಭಂಗಿಯಲ್ಲಿ, ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಅಂದಾಜಿಸುವುದು; ಅಂಕಿ ಹೆಚ್ಚು ಮೈನಸ್ ಆದಷ್ಟೂ ಬಂಧ ಗಟ್ಟಿ ಎಂದು ಅರ್ಥ. ಕಡತ ಓದಲು ಬಂದರೆ ಸಾಕು, ಡಾಕಿಂಗ್ ಸಾಫ್ಟ್‌ವೇರ್ ಎಂಥ ತಪ್ಪು ಇನ್‌ಪುಟ್ ಕೊಟ್ಟರೂ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಪ್ರೋಟೀನಿನ ತಪ್ಪು ಚೈನ್ (ಸರಪಳಿ) ಇಟ್ಟರೂ, ಲಿಗಂಡ್‌ನ (ಪ್ರೋಟೀನಿಗೆ ಅಂಟುವ ಅಣುವಿನ) ಚಾರ್ಜ್ ತಪ್ಪಿದರೂ, ಹುಡುಕುವ ಜಾಗ ಗುರುತಿಸುವ ಬಾಕ್ಸ್ ತಪ್ಪು ಗುಳಿಯ ಮೇಲೆ ಕೂತರೂ ಮೈನಸ್ ಏಳೋ ಎಂಟೋ ಬರೆದು ಮುಗಿಸುತ್ತದೆ. ಅಡುಗೆಗೆ ಉಪ್ಪು ಹೆಚ್ಚಾದರೆ ನಾಲಿಗೆಗೆ ಗೊತ್ತಾಗುತ್ತದೆ. ಇಲ್ಲಿ ಆ ನಾಲಿಗೆಯನ್ನು ನೀವೇ ಬೆಳೆಸಿಕೊಳ್ಳಬೇಕು.

ಅದಕ್ಕೊಂದು ಪರೀಕ್ಷೆ ಇದೆ, ರೀಡಾಕಿಂಗ್. ಎಕ್ಸ್-ರೇ ರಚನೆಯಲ್ಲಿ ಔಷಧ ಪ್ರೋಟೀನಿಗೆ ಹೇಗೆ ಕೂತಿದೆ ಎಂದು ಆಗಲೇ ಗೊತ್ತಿರುತ್ತದೆ. ಔಷಧವನ್ನು ಹೊರತೆಗೆದು, ಅದರ ಆಕಾರವನ್ನು ಅಲುಗಿಸಿ, ಮತ್ತೆ ಡಾಕ್ ಮಾಡಿ. ಬಂದ ಭಂಗಿ ಮೂಲ ಭಂಗಿಯಿಂದ 2 ಆಂಗ್‌ಸ್ಟ್ರಾಮ್ ಆರ್‌ಎಂಎಸ್‌ಡಿಯೊಳಗೆ (ಎರಡು ಭಂಗಿಗಳ ಪರಮಾಣುಗಳ ನಡುವಿನ ಒಂದು ಬಗೆಯ ಸರಾಸರಿ ದೂರ) ಇದ್ದರೆ ನಿಮ್ಮ ವಿಧಾನ ಆ ಪ್ರೋಟೀನಿಗೆ ಕೆಲಸ ಮಾಡುತ್ತಿದೆ ಎಂದು ಒಪ್ಪುತ್ತಾರೆ. ಕೆಳಗೆ ಹೇಳುವ ಡಾಕಿಂಗ್ ದಾರಿಗಳನ್ನೆಲ್ಲ ಒಂದೇ ಉದಾಹರಣೆಯಿಂದ ಅಳೆಯಬಹುದು: ರಕ್ತದ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಆಬಲ್ ಕೈನೇಸ್ ಎಂಬ ಪ್ರೋಟೀನಿಗೆ ಕೂತಿರುವ ರಚನೆ. ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಅದರ ಸಂಕೇತ 1ಐಇಪಿ (1IEP), ರೆಸಲ್ಯೂಷನ್ 2.1 ಆಂಗ್‌ಸ್ಟ್ರಾಮ್, ಲಿಗಂಡ್‌ನ ಹೆಸರು ಎಸ್‌ಟಿಐ.

ವೆಬ್ ಸರ್ವರ್‌ಗಳು: ಸ್ವಿಸ್‌ಡಾಕ್, ಸಿಬಿ-ಡಾಕ್2, ಸ್ವಿಸ್‌ಎಡಿಎಂಇ

ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ದುಡ್ಡೂ ಬೇಡ, 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಸ್ವಿಸ್‌ಡಾಕ್ 2011ರಿಂದ ಇದೆ. 2024ರ ಹೊಸ ಆವೃತ್ತಿಯಲ್ಲಿ ಅಟ್ರ್ಯಾಕ್ಟಿಂಗ್ ಕ್ಯಾವಿಟೀಸ್ ಮತ್ತು ಆಟೋಡಾಕ್ ವೀನಾ ಎಂಬ ಎರಡು ಡಾಕಿಂಗ್ ವಿಧಾನಗಳಲ್ಲಿ ಒಂದನ್ನು ಆರಿಸಬಹುದು. ಸಿಬಿ-ಡಾಕ್2 ಪ್ರೋಟೀನಿನ ಗುಳಿಗಳನ್ನು ತಾನೇ ಹುಡುಕಿ ಅಲ್ಲಿ ವೀನಾ ಓಡಿಸುತ್ತದೆ. ಸ್ವಿಸ್‌ಎಡಿಎಂಇ ಡಾಕಿಂಗ್ ಮಾಡುವುದಿಲ್ಲ. ಅಣುವಿನ ರಚನೆಯನ್ನು ಅಕ್ಷರಗಳಲ್ಲಿ ಬರೆದ ಸ್ಮೈಲ್ಸ್ ಸಾಲನ್ನು ಅಂಟಿಸಿದರೆ ಅದರ ಕರಗುವಿಕೆ, ಕರುಳಿನಿಂದ ಹೀರಿಕೆ, ನುಂಗುವ ಔಷಧಕ್ಕೆ ಅಣು ಹೊಂದುತ್ತದೆಯೇ ಎಂದು ಹೇಳುವ ಲಿಪಿನ್‌ಸ್ಕಿ ನಿಯಮಗಳ ಫಲಿತಾಂಶವನ್ನು ಲಾಗಿನ್ ಕೇಳದೆ ಕೊಡುತ್ತದೆ.

ಬಿ.ಫಾರ್ಮ್ ವಿದ್ಯಾರ್ಥಿಗೆ ಡಾಕಿಂಗ್ ಎಂದರೇನು ಎಂದು ಒಂದು ಮಧ್ಯಾಹ್ನದಲ್ಲಿ ಅರ್ಥವಾಗಬೇಕಾದರೆ ಇದಕ್ಕಿಂತ ಸುಲಭದ ದಾರಿಯಿಲ್ಲ. ತೊಂದರೆ ಇರುವುದು ಆ ನಾಲ್ಕನೆಯ ಪ್ರಶ್ನೆಯಲ್ಲಿ. ಹೈಡ್ರೋಜನ್ ಸೇರಿಸಿದ್ದು, ನೀರು ತೆಗೆದದ್ದು, ಹಿಸ್ಟಿಡಿನ್‌ನ ಯಾವ ಸಾರಜನಕಕ್ಕೆ ಹೈಡ್ರೋಜನ್ ಹಾಕಿದ್ದು, ಇವುಗಳಲ್ಲಿ ಹೆಚ್ಚಿನವು ತೆರೆಯ ಹಿಂದೆ ನಡೆಯುತ್ತವೆ. ಸರ್ವರ್ ಆವೃತ್ತಿ ಬದಲಾದರೆ ಹೋದ ವರ್ಷದ ಉತ್ತರ ಈ ವರ್ಷ ಬರದೇ ಇರಬಹುದು. ಐವತ್ತು ಅಣುಗಳನ್ನು ಒಂದೊಂದಾಗಿ ಅಪ್‌ಲೋಡ್ ಮಾಡುವುದು ಬೆರಳು ನೋಯಿಸುವ ಕೆಲಸ. ಪೇಟೆಂಟ್ ಆಗಬೇಕಾದ ಹೊಸ ಅಣುವನ್ನಂತೂ ಸಾರ್ವಜನಿಕ ಸರ್ವರ್‌ಗೆ ಹಾಕಲೇಬಾರದು.

ಆಟೋಡಾಕ್ ವೀನಾ, ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ

ಹೆಚ್ಚಿನವರಿಗೆ ಇದೇ ಸರಿಯಾದ ಆರಂಭ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಿಂದ ಬಂದ ವೀನಾದ ಪೇಪರ್ ಪ್ರಕಟವಾದದ್ದು 2010ರಲ್ಲಿ, 1.2 ಆವೃತ್ತಿ ಬಂದದ್ದು 2021ರಲ್ಲಿ. ಪೂರ್ತಿ ಉಚಿತ. ಕಂಪನಿಯಲ್ಲೂ ಬಳಸಬಹುದಾದ ಅಪಾಚೆ ಲೈಸೆನ್ಸ್. 8 ಜಿಬಿ ರ್‍ಯಾಮ್, ನಾಲ್ಕು ಕೋರ್ ಇದ್ದರೆ ಒಂದು ಲಿಗಂಡ್ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ.

1ಐಇಪಿಯಲ್ಲಿ ಕೆಲಸ ಹೀಗೆ ಸಾಗುತ್ತದೆ. ಕಡತವನ್ನು ರಚನೆ ತೋರಿಸುವ ಕೈಮೆರಾಎಕ್ಸ್ ಅಥವಾ ಪೈಮಾಲ್‌ನಲ್ಲಿ ತೆರೆಯಿರಿ. ಅದರಲ್ಲಿ ಎ ಮತ್ತು ಬಿ ಎಂಬ ಎರಡು ಪ್ರತಿಗಳಿವೆ, ಬಿ ಅಳಿಸಿ. ಕ್ಲೋರೈಡ್ ಅಯಾನುಗಳನ್ನು ತೆಗೆಯಿರಿ. ಇಮ್ಯಾಟಿನಿಬ್ ಅನ್ನು ಬೇರೆ ಕಡತವಾಗಿ ಉಳಿಸಿ. ಪ್ರೋಟೀನಿಗೆ ಹೈಡ್ರೋಜನ್ ಸೇರಿಸಿ, ಮೀಕೋ ಎಂಬ ಉಪಕರಣದಿಂದ ಪ್ರೋಟೀನ್, ಲಿಗಂಡ್ ಎರಡನ್ನೂ ವೀನಾ ಓದುವ ಪಿಡಿಬಿಕ್ಯೂಟಿ ಕಡತ ಮಾಡಿ. ಬಾಕ್ಸಿನ ಕೇಂದ್ರ 15.190, 53.903, 16.917, ಪ್ರತಿ ಬದಿ 20 ಆಂಗ್‌ಸ್ಟ್ರಾಮ್. ಹುಡುಕಾಟ ಎಷ್ಟು ಕೂಲಂಕಷ ಎಂದು ಹೇಳುವ ಎಕ್ಸಾಸ್ಟಿವ್‌ನೆಸ್ ಅನ್ನು ಸಹಜವಾಗಿರುವ 8ರಿಂದ 32ಕ್ಕೆ ಏರಿಸಿ. ಎಲ್ಲ ಸರಿಯಿದ್ದರೆ ಮೊದಲ ಭಂಗಿಯ ಅಂಕ ಮೈನಸ್ 13 ಕಿಲೋಕ್ಯಾಲರಿ/ಮೋಲ್ ಸುತ್ತಮುತ್ತ ಬರುತ್ತದೆ, ಭಂಗಿ ಎಕ್ಸ್-ರೇಯಲ್ಲಿರುವಂತೆಯೇ ಕೂತಿರುತ್ತದೆ. ಅಂಕಿಯನ್ನು ನೋಡಿ ನಿಲ್ಲಬೇಡಿ. ಮೆಟ್318 ಮತ್ತು ಥ್ರಿ315 (ಅಮೈನೋ ಆಮ್ಲದ ಹೆಸರು, ಪ್ರೋಟೀನಿನಲ್ಲಿ ಅದರ ಸ್ಥಾನ) ಜೊತೆ ಹೈಡ್ರೋಜನ್ ಬಂಧ ಇದೆಯೇ, ಗ್ಲು286 ಮತ್ತು ಆಸ್ಪ್381 ನಡುವೆ ಅಮೈಡ್ ಭಾಗ ಸರಿಯಾಗಿ ಸಿಕ್ಕಿಕೊಂಡಿದೆಯೇ ಎಂದು ಕಣ್ಣಾರೆ ನೋಡಿ. ಥ್ರಿ315 ಐಸೋಲ್ಯೂಸಿನ್ ಆಗಿ ಬದಲಾದ ರೋಗಿಗಳಲ್ಲಿ ಇಮ್ಯಾಟಿನಿಬ್ ಏಕೆ ಸೋಲುತ್ತದೆ ಎಂಬುದೂ ಆಗ ಕಾಣುತ್ತದೆ: ಆ ಬಂಧ ತಪ್ಪುತ್ತದೆ, ಜಾಗವೂ ತುಂಬಿಕೊಳ್ಳುತ್ತದೆ.

ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಅವೇ. ವೀನಾ ಕೊಡುವ ಪಟ್ಟಿಯಲ್ಲಿ ಅಂಕದ ಪಕ್ಕ ಆರ್‌ಎಂಎಸ್‌ಡಿ ಎಂಬ ಎರಡು ಕಾಲಂ ಇವೆ. ಅದನ್ನು ಎಕ್ಸ್-ರೇ ಭಂಗಿಯಿಂದ ಇರುವ ದೂರ ಎಂದು ತಿಳಿದು "ಆರ್‌ಎಂಎಸ್‌ಡಿ 0, ವಿಧಾನ ಸಾಬೀತಾಗಿದೆ" ಎಂದು ಥೀಸಿಸ್‌ನಲ್ಲಿ ಬರೆದವರಿದ್ದಾರೆ. ಅದು ಅದೇ ಓಟದ ಮೊದಲ ಭಂಗಿಯಿಂದ ಉಳಿದ ಭಂಗಿಗಳು ಎಷ್ಟು ದೂರ ಎಂಬ ಅಂಕಿ, ಮೊದಲ ಸಾಲಿನಲ್ಲಿ ಯಾವಾಗಲೂ 0 ಇರುತ್ತದೆ. ನಿಜವಾದ ಆರ್‌ಎಂಎಸ್‌ಡಿಯನ್ನು ಓಪನ್ ಬೇಬಲ್‌ನ ಒಬ್‌ಆರ್‌ಎಂಎಸ್‌ನಂಥ ಉಪಕರಣದಿಂದ ಬೇರೆಯಾಗಿ ಲೆಕ್ಕ ಹಾಕಬೇಕು. ಹಾಗೆ ಹಾಕುವಾಗ ಡಾಕ್ ಆದ ಲಿಗಂಡನ್ನು ಎಕ್ಸ್-ರೇಯ ಲಿಗಂಡ್ ಮೇಲೆ ಜರುಗಿಸಿ ಕೂರಿಸಬಾರದು. ಕೂರಿಸಿದರೆ ಪಾಕೆಟ್‌ನ (ಔಷಧ ಕೂರುವ ಗುಳಿಯ) ಆಚೆ ಬದಿಯಲ್ಲಿದ್ದ ಭಂಗಿಗೂ ಒಳ್ಳೆಯ ಅಂಕಿ ಬಂದುಬಿಡುತ್ತದೆ.

ಓಪನ್ ಬೇಬಲ್‌ನಿಂದಲೇ ಪ್ರೋಟೀನ್ ಕಡತ ಮಾಡುವವರು ಅದು ಗಟ್ಟಿ ರಿಸೆಪ್ಟರ್ ಎಂದು ಹೇಳುವ ಆಯ್ಕೆಯನ್ನು ಮರೆತರೆ, ಕಡತದೊಳಗೆ ತಿರುಗುವ ಬಂಧಗಳ ಮರ ಸೇರಿಕೊಂಡು ವೀನಾ ಪಾರ್ಸಿಂಗ್ ಎರರ್ ಎಂದು ನಿಲ್ಲುತ್ತದೆ. ಬಾಕ್ಸಿನ ಘನ ಅಳತೆ 27,000 ಘನ ಆಂಗ್‌ಸ್ಟ್ರಾಮ್ ದಾಟಿದರೆ, ಅಂದರೆ ಬದಿ 30 ಮೀರಿದರೆ, ವೀನಾ ಎಚ್ಚರಿಕೆ ಕೊಡುತ್ತದೆ. ಪಾಕೆಟ್ ಗೊತ್ತಿಲ್ಲವೆಂದು ಇಡೀ ಪ್ರೋಟೀನನ್ನೇ ಬಾಕ್ಸಿನಲ್ಲಿ ಹಾಕಿದಾಗ ಹುಡುಕಾಟ ತೆಳುವಾಗಿ, ಪ್ರತಿ ಓಟಕ್ಕೂ ಬೇರೆ ಉತ್ತರ ಬರುವುದು ಇದರಿಂದಲೇ. ವಿಂಡೋಸ್‌ನಲ್ಲಿ ಪೈಥಾನ್ ಪ್ಯಾಕೇಜ್ ಆಗಿ ವೀನಾ ಹಾಕಲು ಹೋಗಿ ಸೋತರೆ ಹೆದರಬೇಡಿ. ಅದು ಲಿನಕ್ಸ್ ಮತ್ತು ಮ್ಯಾಕ್‌ಗೆ ಮಾಡಿದ್ದು. ವಿಂಡೋಸ್‌ಗೆ ಸಿದ್ಧವಾದ ಎಕ್ಸಿ ಕಡತ ಬೇರೆ ಇದೆ, ಇಲ್ಲವೇ ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಉಬುಂಟು ಒಳಗೆ ಓಡಿಸಿ.

ನೀರಿನ ಅಣುಗಳನ್ನೆಲ್ಲ ಅಳಿಸಿಬಿಡಿ ಎಂಬುದು ಪ್ರತಿ ವಿಡಿಯೋದಲ್ಲೂ ಬರುವ ಮಾತು. ಎಲ್ಲ ಕಡೆ ಅದು ಸರಿಯಲ್ಲ. ಎಚ್‌ಐವಿ ಪ್ರೋಟಿಯೇಸ್ ಮತ್ತು ಇಂಡಿನಾವಿರ್ ಔಷಧದ 1ಎಚ್‌ಎಸ್‌ಜಿ ರಚನೆಯಲ್ಲಿ ಒಂದು ನೀರು ಎರಡೂ ಕಡೆಯ ಐಸೋಲ್ಯೂಸಿನ್ 50ನ್ನು ಔಷಧಕ್ಕೆ ಕಟ್ಟಿಹಾಕಿರುತ್ತದೆ. ಅದನ್ನು ತೆಗೆದರೆ ನೀವು ಬೇರೆಯೇ ಪಾಕೆಟ್‌ಗೆ ಡಾಕ್ ಮಾಡಿದ ಹಾಗೆ.

ಇನ್ನೂ ದೊಡ್ಡ ಪಾಠ ರಚನೆಯ ಆಯ್ಕೆಯಲ್ಲಿದೆ. ಅದೇ ಆಬಲ್ ಕೈನೇಸ್, ಆದರೆ ಡಸಾಟಿನಿಬ್ ಎಂಬ ಬೇರೆ ಔಷಧ ಕೂತಿರುವ 2ಜಿಕ್ಯೂಜಿ ರಚನೆಯನ್ನು ತೆಗೆದುಕೊಂಡು ಇಮ್ಯಾಟಿನಿಬ್ ಡಾಕ್ ಮಾಡಿ ನೋಡಿ. ಇಲ್ಲಿ ಕೈನೇಸ್ ಸಕ್ರಿಯ ಸ್ಥಿತಿಯಲ್ಲಿದೆ, ಡಿಎಫ್‌ಜಿ ಎಂಬ ಮೂರು ಅಮೈನೋ ಆಮ್ಲಗಳ ಭಾಗ ಒಳಮುಖವಾಗಿದೆ. ಇಮ್ಯಾಟಿನಿಬ್‌ಗೆ ಬೇಕಾದ ಹಿಂದಿನ ಗುಳಿ ಮುಚ್ಚಿಹೋಗಿರುವುದರಿಂದ ಸರಿಯಾದ ಭಂಗಿ ಸಿಗುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ದೋಷವಿಲ್ಲ, ಔಷಧದಲ್ಲೂ ಇಲ್ಲ. ಪ್ರೋಟೀನ್ ಅಲುಗುವುದಿಲ್ಲ ಎಂಬ ನಮ್ಮ ಊಹೆಯೇ ತಪ್ಪು. ಈ ಒಂದು ಪ್ರಯೋಗವನ್ನು ಕೈಯಾರೆ ಮಾಡಿದವರಿಗೆ ಡಾಕಿಂಗ್‌ನ ಮಿತಿಯನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಅಂಕಗಳ ಬೆಲೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ ತಿಳಿದಿರಬೇಕು. ಕೋಣೆಯ ತಾಪಮಾನದಲ್ಲಿ ಬಂಧಶಕ್ತಿ 1.36 ಕಿಲೋಕ್ಯಾಲರಿ ಬದಲಾದರೆ ಅಂಟುವ ಬಲ ಹತ್ತು ಪಟ್ಟು ಬದಲಾಗುತ್ತದೆ. ವೀನಾದ ಮೂಲ ಪೇಪರ್‌ನಲ್ಲೇ ಕೊಟ್ಟಿರುವ ಅಂದಾಜು ದೋಷ 2.85 ಕಿಲೋಕ್ಯಾಲರಿ, ಅಂದರೆ ನೂರು ಪಟ್ಟಿಗೂ ಮೇಲೆ. ಮೈನಸ್ 8.2 ಬಂದ ಅಣು ಮೈನಸ್ 7.9 ಬಂದದ್ದಕ್ಕಿಂತ ಉತ್ತಮ ಎಂದು ಬರೆಯಲು ಇಲ್ಲಿ ಆಧಾರವೇ ಇಲ್ಲ.

ನಮ್ಮ ಕಡೆ ಗಿಡಮೂಲಿಕೆಗಳ ಮೇಲೆ ಪ್ರಾಜೆಕ್ಟ್ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಇಂಪ್ಯಾಟ್ ಡೇಟಾಬೇಸ್‌ನ ಎರಡನೇ ಆವೃತ್ತಿಯಲ್ಲಿ 4,010 ಭಾರತೀಯ ಔಷಧೀಯ ಸಸ್ಯಗಳ 17,967 ರಾಸಾಯನಿಕಗಳಿವೆ. ಅಮೃತಬಳ್ಳಿ, ತುಳಸಿಯ ಅಣುಗಳನ್ನು ಅಲ್ಲಿಂದ ಇಳಿಸಿಕೊಂಡು ಡಾಕ್ ಮಾಡಿದಾಗ ರುಟಿನ್‌ನಂಥ ಸಕ್ಕರೆ ಅಂಟಿದ ದೊಡ್ಡ ಅಣುಗಳು ಪಟ್ಟಿಯ ಮೇಲಕ್ಕೆ ಬರುವುದು ಸಾಮಾನ್ಯ. ಅಣು ದೊಡ್ಡದಾದಷ್ಟೂ ಸ್ಪರ್ಶ ಹೆಚ್ಚು, ಅಂಕ ಹೆಚ್ಚು. ಅದರಿಂದ ಔಷಧ ಆಗುವುದಿಲ್ಲ. ಪ್ರತಿ ಪರಮಾಣುವಿಗೆ ಬಂದ ಅಂಕ ಎಷ್ಟು ಎಂದು ಭಾಗಿಸಿ ನೋಡಿ, ಜೊತೆಗೆ ಅದೇ ಗಾತ್ರದ ನಿಷ್ಕ್ರಿಯ ಅಣುಗಳನ್ನೂ ಡಾಕ್ ಮಾಡಿ ಹೋಲಿಸಿ. ಡಿಯುಡಿ-ಇ ಸಂಗ್ರಹದಲ್ಲಿ 102 ಪ್ರೋಟೀನ್‌ಗಳಿಗೆ ಇಂಥ ಹೋಲಿಕೆಯ ಅಣುಗಳು ಸಿದ್ಧವಾಗಿ ಸಿಗುತ್ತವೆ.

ಹಳೆಯ ಆಟೋಡಾಕ್ 4 ಬೇಕೇ? ಸತುವಿನಂಥ ಲೋಹ ಇರುವ ಪ್ರೋಟೀನ್, ಉದಾಹರಣೆಗೆ ಕಾರ್ಬಾನಿಕ್ ಅನ್‌ಹೈಡ್ರೇಸ್, ನಿಮ್ಮ ಗುರಿಯಾಗಿದ್ದರೆ ಅದರ ಸ್ಕೋರಿಂಗ್ ಬೇಕು. ಅದಕ್ಕೆ ಸತುವಿಗೆಂದೇ ಮಾಡಿದ ನಿಯತಾಂಕಗಳಿವೆ. ವೀನಾದ ಸ್ವಂತ ಸ್ಕೋರಿಂಗ್ ನೀವು ಕೊಟ್ಟ ಪಾರ್ಶಿಯಲ್ ಚಾರ್ಜ್‌ಗಳನ್ನು ನೋಡುವುದೇ ಇಲ್ಲ, ಆಟೋಡಾಕ್ 4 ನೋಡುತ್ತದೆ. ಪೈಆರ್‌ಎಕ್ಸ್ ಎಂಬ ಕಿಟಕಿ-ಬಟನ್ ಹೊದಿಕೆಯ ಹಳೆಯ 0.8 ಆವೃತ್ತಿ ಉಚಿತ, ಹೊಸವಕ್ಕೆ ಹಣ. ಟರ್ಮಿನಲ್ ಕಂಡರೆ ಗಾಬರಿಯಾಗುವವರು ಮೊದಲ ವಾರ ಅದನ್ನು ಬಳಸಿ, ಆಮೇಲೆ ಬಿಡಿ.

ಶ್ರೋಡಿಂಗರ್, ಎಂಒಇ: ಹಣ ಕೊಟ್ಟು ಬಳಸುವವು

ಇವುಗಳ ನಿಜವಾದ ಶಕ್ತಿ ಡಾಕಿಂಗ್‌ಗಿಂತ ಅದಕ್ಕೆ ಮೊದಲಿನ ತಯಾರಿಯಲ್ಲಿದೆ. ಶ್ರೋಡಿಂಗರ್‌ನ ಪ್ರೋಟೀನ್ ಪ್ರಿಪರೇಷನ್ ಬಂಧಗಳ ಕ್ರಮ ಸರಿಪಡಿಸುತ್ತದೆ, ಹೈಡ್ರೋಜನ್ ಸೇರಿಸುತ್ತದೆ, ತಲೆಕೆಳಗಾದ ಆಸ್ಪರಜಿನ್, ಗ್ಲುಟಮಿನ್, ಹಿಸ್ಟಿಡಿನ್‌ಗಳನ್ನು ತಿರುಗಿಸುತ್ತದೆ, ಕೊನೆಗೆ ಭಾರವಾದ ಪರಮಾಣುಗಳು 0.3 ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು ಸರಿಯದಂತೆ ಹದಗೊಳಿಸುತ್ತದೆ. ಲಿಗ್‌ಪ್ರೆಪ್ ಶರೀರದ ಪಿಎಚ್‌ನಲ್ಲಿ ಇರಬಹುದಾದ ಅಣುವಿನ ಎಲ್ಲ ರೂಪಗಳನ್ನು ಕೊಡುತ್ತದೆ. ಇಮ್ಯಾಟಿನಿಬ್‌ನ ಪೈಪರಜಿನ್‌ಗೆ ಧನ ಚಾರ್ಜ್ ಬೇಕು ಎಂಬುದನ್ನು ವೀನಾ ದಾರಿಯಲ್ಲಿ ನೀವು ನೆನಪಿಟ್ಟುಕೊಳ್ಳಬೇಕು. ಇಲ್ಲಿ ಅದು ತಾನಾಗಿ ಬರುತ್ತದೆ. ಶ್ರೋಡಿಂಗರ್‌ನ ಡಾಕಿಂಗ್ ಭಾಗವಾದ ಗ್ಲೈಡ್‌ನಲ್ಲಿ ವೇಗದಿಂದ ನಿಖರತೆಯ ಕಡೆಗೆ ಎಚ್‌ಟಿವಿಎಸ್, ಎಸ್‌ಪಿ, ಎಕ್ಸ್‌ಪಿ ಎಂಬ ಮೂರು ಮಟ್ಟಗಳಿರುವುದರಿಂದ ಲಕ್ಷ ಅಣುಗಳನ್ನು ಹಂತಹಂತವಾಗಿ ಜರಡಿ ಹಿಡಿಯಬಹುದು. ಒಂದೇ ಅಣುವಿನ ಭಂಗಿಗಳಲ್ಲಿ ಆರಿಸಲು ಇಮಾಡೆಲ್ ಎಂಬ ಅಂಕ, ಬೇರೆ ಬೇರೆ ಅಣುಗಳನ್ನು ಸಾಲಾಗಿಸಲು ಗ್ಲೈಡ್‌ಸ್ಕೋರ್ ನೋಡಬೇಕು. ಇದನ್ನು ಅದಲುಬದಲು ಮಾಡುವವರು ಬಹಳ. ಗ್ಲೈಡ್‌ನ ಮೈನಸ್ 9ನ್ನು ವೀನಾದ ಮೈನಸ್ 9ರ ಪಕ್ಕ ಇಟ್ಟು ಹೋಲಿಸುವುದಂತೂ ಸೇರನ್ನು ಮಾರಿನ ಜೊತೆ ಹೋಲಿಸಿದ ಹಾಗೆ.

ಒಬ್ಬ ವಿದ್ಯಾರ್ಥಿ ಸ್ವಂತ ಹಣದಿಂದ ಲೈಸೆನ್ಸ್ ಕೊಳ್ಳುವ ಮಾತೇ ಇಲ್ಲ. ಶ್ರೋಡಿಂಗರ್‌ನಿಂದ ಉಚಿತವಾಗಿ ಸಿಗುವ ಅಕಾಡೆಮಿಕ್ ಮ್ಯಾಸ್ಟ್ರೋದಲ್ಲಿ ರಚನೆ ನೋಡಬಹುದು, ಗ್ಲೈಡ್ ಓಡಿಸಲಾಗುವುದಿಲ್ಲ. ಶ್ರೋಡಿಂಗರ್‌ನ ಹಣ ಕೊಡುವ ಆನ್‌ಲೈನ್ ಕೋರ್ಸ್‌ಗಳಲ್ಲಿ ಕೋರ್ಸ್ ಮುಗಿಯುವವರೆಗೆ ಸಾಫ್ಟ್‌ವೇರ್ ಬ್ರೌಸರ್ ಮೂಲಕ ಸಿಗುತ್ತದೆ. ಆದ್ದರಿಂದ ಸೇರುವ ಮೊದಲೇ ನಿಮ್ಮ ಪ್ರೋಟೀನ್, ಅಣುಗಳ ಪಟ್ಟಿ ಸಿದ್ಧವಾಗಿರಲಿ. ಕೋರ್ಸ್‌ನ ಪ್ರವೇಶವನ್ನು ಸ್ವಂತ ಸಂಶೋಧನೆಗೆ ಬಳಸಬಹುದೇ ಎಂದು ನಿಯಮ ಓದಿ. ಇದೇ ಬಗೆಯ ಇನ್ನೊಂದು ಪ್ಯಾಕೇಜ್ ಎಂಒಇ ಬಗ್ಗೆ ಹೇಳಬೇಕಾದದ್ದು ಇಷ್ಟೇ: ವಿಭಾಗದಲ್ಲಿ ಇದ್ದರೆ ಕಲಿಯಿರಿ, ಅದಕ್ಕೆಂದೇ ಹುಡುಕಿಕೊಂಡು ಹೋಗಬೇಡಿ.

ಕೆಲಸದ ದೃಷ್ಟಿಯಿಂದ ಇವುಗಳಿಗೆ ಬೆಲೆ ಇದೆ ಎಂಬುದು ನಿಜ. ಬೆಂಗಳೂರಿನ ಸಿಂಜೀನ್, ಜುಬಿಲಂಟ್ ಬಯೋಸಿಸ್‌ನಂಥ ಸಂಶೋಧನಾ ಕಂಪನಿಗಳ ಕಡೆ ಕಣ್ಣಿಟ್ಟವರಿಗೆ ಯಾವುದಾದರೂ ಒಂದು ವಾಣಿಜ್ಯ ಪ್ಯಾಕೇಜ್‌ನ ಪರಿಚಯ ಅನುಕೂಲ. ಆದರೆ ಬಟನ್ ಎಲ್ಲಿದೆ ಎಂದು ಹೊಸಬರಿಗೆ ಎರಡು ವಾರದಲ್ಲಿ ಹೇಳಿಕೊಡಬಹುದು. ಈ ಭಂಗಿ ಏಕೆ ಅಸಾಧ್ಯ ಎಂದು ಕಾಣುವ ಕಣ್ಣು ಎರಡು ವಾರದಲ್ಲಿ ಬರುವುದಿಲ್ಲ.

ಪೈಥಾನ್ ದಾರಿ: ಆರ್‌ಡಿಕಿಟ್ ಮತ್ತು ಕೋಲ್ಯಾಬ್

ಐದು ಅಣುಗಳಿಗೆ ಇದು ಬೇಡ. ಐನೂರು ಆದ ತಕ್ಷಣ ಬೇಕೇ ಬೇಕು. ಆರ್‌ಡಿಕಿಟ್ ಅಣುಗಳ ಕೆಲಸಕ್ಕೆಂದೇ ಮಾಡಿದ ಉಚಿತ ಪೈಥಾನ್ ಪ್ಯಾಕೇಜ್. ಸ್ಮೈಲ್ಸ್ ಪಟ್ಟಿಯಿಂದ ಲವಣಗಳನ್ನು ತೆಗೆಯುವುದು, ಲಿಪಿನ್‌ಸ್ಕಿಯ 1997ರ ನಿಯಮದಂತೆ ಅಣುಭಾರ 500, ಲಾಗ್‌ಪಿ (ಕೊಬ್ಬಿನಲ್ಲಿ ಕರಗುವ ಒಲವು) 5, ಹೈಡ್ರೋಜನ್ ಕೊಡುವ ಜಾಗ 5, ಪಡೆಯುವ ಜಾಗ 10 ಮೀರಿದವನ್ನು ಬೇರ್ಪಡಿಸುವುದು, ಮೂರು ಆಯಾಮದ ಆಕಾರ ಕಟ್ಟುವುದು, ಎಲ್ಲ ಕೆಲವು ಸಾಲಿನ ಕೋಡ್. ಅಣುವಿನ ರಚನೆಯಿಂದ ಅದರ ಪರಿಣಾಮವನ್ನು ಅಂದಾಜಿಸುವ ಕ್ಯುಎಸ್‌ಎಆರ್‌ಗೂ ಇದೇ ತಳಪಾಯ. ಬರ್ಲಿನ್‌ನಲ್ಲಿ ಶುರುವಾದ ಟೀಚ್‌ಓಪನ್‌ಸಿಎಡಿಡಿ ಎಂಬ ಉಚಿತ ನೋಟ್‌ಬುಕ್ ಸರಣಿ ಇಜಿಎಫ್‌ಆರ್ ಎಂಬ ಕೈನೇಸನ್ನೇ ಹಿಡಿದು ಚೆಂಬ್ಲ್ ಡೇಟಾಬೇಸ್‌ನಿಂದ ಅಣು ಇಳಿಸುವುದರಿಂದ ಹಿಡಿದು ಹಂತ ಹಂತವಾಗಿ ಕರೆದೊಯ್ಯುತ್ತದೆ. ಎಲ್ಲ ಹಂತ ಕಣ್ಣಮುಂದೆ ಬರೆದಿರುತ್ತದೆ, ಬೇರೊಬ್ಬರು ಮತ್ತೆ ಓಡಿಸಬಹುದು. ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಇಷ್ಟು ಒಳ್ಳೆಯ ಉತ್ತರ ಬೇರೆ ದಾರಿಯಲ್ಲಿ ಸಿಗದು.

ಬೆಲೆ ತೆರುವುದು ಸಮಯದಲ್ಲಿ. ಪೈಥಾನ್ ಗೊತ್ತಿಲ್ಲದವರಿಗೆ ಮೊದಲ ಉಪಯುಕ್ತ ಫಲಿತಾಂಶಕ್ಕೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಗೂಗಲ್‌ನ ಯಂತ್ರದಲ್ಲಿ ಬ್ರೌಸರ್ ಮೂಲಕ ಕೋಡ್ ಓಡಿಸುವ ಕೋಲ್ಯಾಬ್‌ನ ಉಚಿತ ಅವಧಿ ಹೆಚ್ಚೆಂದರೆ 12 ಗಂಟೆ, ನಡುವೆ ಸುಮ್ಮನಿದ್ದರೆ ಕಡಿದುಹೋಗುತ್ತದೆ. ಫಲಿತಾಂಶವನ್ನು ಆಗಾಗ ಗೂಗಲ್ ಡ್ರೈವ್‌ಗೆ ಬರೆಯದಿದ್ದರೆ ರಾತ್ರಿಯ ಕೆಲಸ ಬೆಳಿಗ್ಗೆ ಇರುವುದಿಲ್ಲ.

ಡಿಫ್‌ಡಾಕ್, ಬೋಲ್ಟ್ಜ್-2ರಂಥ ಎಐ ಉಪಕರಣಗಳೂ ಈ ದಾರಿಯಲ್ಲೇ ಸಿಗುತ್ತವೆ. ಬಳಸಿ, ಆದರೆ ಬಂದ ಭಂಗಿಯನ್ನು, ಅದು ಸಾಧ್ಯವೇ ಎಂದು ನೋಡುವ ಪೋಸ್‌ಬಸ್ಟರ್ಸ್‌ನಲ್ಲಿ ಪರೀಕ್ಷಿಸದೆ ನಂಬಬೇಡಿ. ಬಂಧದ ಉದ್ದ ತಪ್ಪಿದ, ಪ್ರೋಟೀನಿನೊಳಗೆ ನುಗ್ಗಿದ ಭಂಗಿಗಳು ಇಂಥವುಗಳಿಂದ ಬಂದಿವೆ. ಎಐ ಊಹಿಸಿದ ಪ್ರೋಟೀನ್ ರಚನೆಗಳ ಆಲ್ಫಾಫೋಲ್ಡ್ ಡೇಟಾಬೇಸ್‌ನ ರಚನೆಯಲ್ಲಿ ಲಿಗಂಡ್ ಇರುವುದಿಲ್ಲ, ಪಾಕೆಟ್ ಮುಚ್ಚಿಕೊಂಡಿರಬಹುದು. ಎಕ್ಸ್-ರೇ ರಚನೆ ಇದ್ದರೆ ಅದೇ ಮೊದಲು.

ಮಾಲಿಕ್ಯುಲರ್ ಡೈನಮಿಕ್ಸ್: ಗ್ರೊಮ್ಯಾಕ್ಸ್

ಡಾಕಿಂಗ್ ನಿಂತ ಚಿತ್ರ, ಇದು ಚಲಿಸುವ ಚಿತ್ರ: ಪರಮಾಣುಗಳು ಕ್ಷಣಕ್ಷಣಕ್ಕೆ ಹೇಗೆ ಅಲುಗುತ್ತವೆ ಎಂದು ಗ್ರೊಮ್ಯಾಕ್ಸ್‌ನಂಥ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಈಗ ಡಾಕಿಂಗ್ ಪೇಪರ್ ಕಳಿಸಿದರೆ "100 ನ್ಯಾನೋಸೆಕೆಂಡ್ ಸಿಮ್ಯುಲೇಷನ್ ಎಲ್ಲಿ" ಎಂದು ಕೇಳುವ ವಿಮರ್ಶಕರಿದ್ದಾರೆ. ಒಂದು ಹೆಜ್ಜೆ 2 ಫೆಮ್ಟೋಸೆಕೆಂಡ್ ಆದರೆ 100 ನ್ಯಾನೋಸೆಕೆಂಡ್‌ಗೆ 5 ಕೋಟಿ ಹೆಜ್ಜೆ. ನೀರೂ ಸೇರಿ ಸುಮಾರು 50,000 ಪರಮಾಣುಗಳ ವ್ಯವಸ್ಥೆ ಸಾಮಾನ್ಯ ಲ್ಯಾಪ್‌ಟಾಪ್ ಸಿಪಿಯುನಲ್ಲಿ ದಿನಕ್ಕೆ ಕೆಲವೇ ನ್ಯಾನೋಸೆಕೆಂಡ್ ಸಾಗುತ್ತದೆ, ಜಿಪಿಯು ಇದ್ದರೆ ಹತ್ತಾರು. ಗ್ರೊಮ್ಯಾಕ್ಸ್ ಉಚಿತ, ಯಂತ್ರ ಮಾತ್ರ ಉಚಿತವಲ್ಲ.

ಮೊದಲ ಸಲ ಔಷಧ ಸಹಿತ ರಚನೆಯನ್ನು ಕೊಟ್ಟಾಗ "ಎಸ್‌ಟಿಐ ರೆಸಿಡ್ಯೂ ಡೇಟಾಬೇಸ್‌ನಲ್ಲಿ ಇಲ್ಲ" ಎಂಬ ದೋಷ ಬಂದೇ ಬರುತ್ತದೆ. ಪರಮಾಣುಗಳ ನಡುವಿನ ಬಲಗಳನ್ನು ಹೇಳುವ ಫೋರ್ಸ್‌ಫೀಲ್ಡ್‌ಗೆ ಅಮೈನೋ ಆಮ್ಲಗಳು ಗೊತ್ತು, ನಿಮ್ಮ ಔಷಧ ಗೊತ್ತಿಲ್ಲ. ಚಾರ್ಮ್-ಜಿಯುಐ ಅಥವಾ ಸಿಜೆನ್‌ಎಫ್‌ಎಫ್ ಎಂಬ ಉಪಕರಣದಿಂದ ಅದರ ನಿಯತಾಂಕ ಮಾಡಿಸಿಕೊಳ್ಳಬೇಕು. ನಿಯತಾಂಕವನ್ನು ಎಷ್ಟು ನಂಬಬಹುದು ಎಂದು ಹೇಳುವ ಪೆನಾಲ್ಟಿ ಅಂಕ ಅಲ್ಲಿ ಬರುತ್ತದೆ: 10ರೊಳಗಿದ್ದರೆ ಸರಿ, 10ರಿಂದ 50 ಇದ್ದರೆ ಪರೀಕ್ಷಿಸಿ, 50 ಮೀರಿದರೆ ಹಾಗೇ ಮುಂದುವರಿಯಬೇಡಿ. ಮತ್ತೊಂದು ಮಾತು: ತಪ್ಪು ಭಂಗಿಯೂ 100 ನ್ಯಾನೋಸೆಕೆಂಡ್ ಅಲ್ಲಾಡದೆ ಕೂತಿರಬಲ್ಲದು. ಡಾಕಿಂಗ್ ತಪ್ಪನ್ನು ಡೈನಮಿಕ್ಸ್ ತೊಳೆಯುವುದಿಲ್ಲ. ಅದಕ್ಕೇ ಇದನ್ನು ಮೊದಲು ಕಲಿಯಬಾರದು.

ಯಾರಿಗೆ ಯಾವುದು

ಬಿ.ಫಾರ್ಮ್ ಸೆಮಿನಾರ್, ಒಂದು ವಾರ ಸಮಯ: ಸರ್ವರ್‌ಗಳು ಸಾಕು, ಸ್ಲೈಡಿನಲ್ಲಿ ಅವುಗಳ ಹೆಸರು ಮತ್ತು ಓಡಿಸಿದ ದಿನಾಂಕ ಹಾಕಿ. ಎಂ.ಫಾರ್ಮ್ ಪ್ರಾಜೆಕ್ಟ್, ಆರು ತಿಂಗಳು, ಹಣವಿಲ್ಲ: ವೀನಾ ಮತ್ತು ಕೈಮೆರಾಎಕ್ಸ್, ಮೂರನೇ ತಿಂಗಳಿನಿಂದ ಆರ್‌ಡಿಕಿಟ್. ಸಿದ್ಧಾಂತಕ್ಕೆ ಔಷಧ ವಿನ್ಯಾಸದ ಮೇಲಿರುವ ಐಐಟಿ ಮದ್ರಾಸ್‌ನ ಎನ್‌ಪಿಟಿಇಎಲ್ ಕೋರ್ಸನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ವಿಭಾಗದಲ್ಲಿ ಶ್ರೋಡಿಂಗರ್ ಲೈಸೆನ್ಸ್ ಆಗಲೇ ಇದ್ದರೆ ಅದನ್ನೇ ಬಳಸಿ, ಆದರೆ ಒಮ್ಮೆ 1ಐಇಪಿಯನ್ನು ವೀನಾದಲ್ಲೂ ಮಾಡಿ, ಎರಡೂ ಭಂಗಿಗಳನ್ನು ಒಂದೇ ಕಿಟಕಿಯಲ್ಲಿ ತೆರೆದು ನೋಡಿ. ಪಿಎಚ್‌ಡಿ ಶುರುಮಾಡುವವರು ಪೈಥಾನ್ ಬಿಡುವ ಹಾಗೆಯೇ ಇಲ್ಲ. ಅವರು 16 ಜಿಬಿ ರ್‍ಯಾಮ್ ಮತ್ತು ಎನ್‌ವಿಡಿಯಾ ಜಿಪಿಯು ಇರುವ ಯಂತ್ರಕ್ಕೆ ಗ್ರಾಂಟ್‌ನಲ್ಲಿ ಮೊದಲೇ ಜಾಗ ಇಡಬೇಕು. ಮದುವೆ, ಮಕ್ಕಳು, ಕೆಲಸದ ನಡುವೆ ಸಂಜೆ ಒಂದು ಗಂಟೆ ಮಾತ್ರ ಸಿಗುವವರು ವೀನಾದಿಂದ ಶುರು ಮಾಡಿ, ವಾರಕ್ಕೊಂದು ಹೊಸ ಪ್ರೋಟೀನ್ ರೀಡಾಕ್ ಮಾಡಿ. ಹತ್ತನೆಯದರ ಹೊತ್ತಿಗೆ ಯಾವ ರಚನೆ ಕೈಕೊಡುತ್ತದೆ ಎಂದು ತೆರೆದ ಕೂಡಲೇ ಅಂದಾಜು ಸಿಗುತ್ತದೆ.

ಯಾವ ದಾರಿ ಹಿಡಿದರೂ ಮೊದಲ ದಿನದಿಂದಲೇ ಒಂದು ಕಡತದಲ್ಲಿ ಬರೆದಿಡಿ: ಪ್ರೋಟೀನಿನ ಸಂಕೇತ ಮತ್ತು ಚೈನ್, ಉಳಿಸಿದ ನೀರು, ಲಿಗಂಡ್‌ನ ಚಾರ್ಜ್, ಬಾಕ್ಸಿನ ಕೇಂದ್ರ ಮತ್ತು ಅಳತೆ, ಎಕ್ಸಾಸ್ಟಿವ್‌ನೆಸ್, ಸೀಡ್ ಸಂಖ್ಯೆ (ಹುಡುಕಾಟದ ಯಾದೃಚ್ಛಿಕ ಆರಂಭವನ್ನು ಗೊತ್ತುಮಾಡುವ ಅಂಕಿ), ಸಾಫ್ಟ್‌ವೇರ್ ಆವೃತ್ತಿ, ರೀಡಾಕಿಂಗ್ ಆರ್‌ಎಂಎಸ್‌ಡಿ. ಸೀಡ್ ಬರೆಯದಿದ್ದರೆ ನಿಮ್ಮದೇ ಓಟವನ್ನು ನೀವೇ ಮತ್ತೆ ಅದೇ ರೀತಿ ಪಡೆಯಲಾರಿರಿ, ಪರೀಕ್ಷಕರು ವೈವಾದಲ್ಲಿ ಕೇಳುವುದೂ ಅದನ್ನೇ.